ಬರ್ಕಾ ತೋಟದ ಗೂಳಿಯೂ ನನ್ನ ಹೆಂಡತಿಯೂ

ವಾಕಿಂಗ್ ಎಂಬುದನ್ನು ಕಂಡುಹಿಡಿದವರ ಮನೆಯಲ್ಲಿ ಕೂರಲು ಒಳ್ಳೆಯ ಕುರ್ಚಿ ಇರಲಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಊರಿನಲ್ಲಿ ನಾನು ನಡೆಯುತ್ತಿದ್ದುದು ಬಸ್ಸು ತಪ್ಪಿದಾಗ ಮಾತ್ರ. ಮಸ್ಕತ್ತಿಗೆ ಬಂದ ಮೇಲೆ ಆ ಕಷ್ಟವೂ ಹೋಯಿತು. ವಾದಿ ಕಬೀರಿನ ಫ್ಲ್ಯಾಟಿನಿಂದ ರೂವಿಯ ಆಫೀಸಿಗೆ ಕಾರು, ಅಲ್ಲಿಂದ ಮತ್ತೆ ಫ್ಲ್ಯಾಟಿಗೆ ಕಾರು. ನಡುವೆ ನಡೆಯಬೇಕೆಂದರೂ ಬಿಸಿಲು ಬಿಡುತ್ತಿರಲಿಲ್ಲ. ಆ ವಿಷಯದಲ್ಲಿ ಒಮಾನಿನ ಸೂರ್ಯ ನನ್ನ ಆಪ್ತಮಿತ್ರ. ಆದರೆ ಅಕ್ಟೋಬರ್ ಮುಗಿಯುತ್ತಿದ್ದಂತೆ ಅವನೂ ಕೈಕೊಡುತ್ತಾನೆ. ಒಂದು ದಿನ ಏಸಿ ನಿಲ್ಲಿಸುತ್ತೇವೆ. ಮನೆಯಲ್ಲಿ ಯಾರೋ ಮಾತು ನಿಲ್ಲಿಸಿದಂತೆ ಕಿವಿಗೆ ಬಿಕೋ ಎನ್ನುತ್ತದೆ. ಆ ಮೌನದಲ್ಲೇ ನನ್ನ ಹೆಂಡತಿ ವಾರಿಜ ಹೇಳುತ್ತಾಳೆ, “ಈ ಶುಕ್ರವಾರ ಎಲ್ಲಿಯಾದರೂ ಹಸಿರು ನೋಡಿ ಬರುವ ಮಾರಾಯ್ರೆ.”

ಕಾರ್ಕಳದ ಕಡೆಯ ದೊಡ್ಡ ಬೇಸಾಯದ ಮನೆಯ ಮಗಳು ಅವಳು. ನಾನು ಉಡುಪಿಯ ಪೇಟೆಯಲ್ಲಿ ಹುಟ್ಟಿದವನು. ದನ ಎಂದರೆ ರಥಬೀದಿಯಲ್ಲಿ ಬಾಳೆಹಣ್ಣಿನ ಸಿಪ್ಪೆ ತಿನ್ನುವ ಪ್ರಾಣಿ ಎಂದಷ್ಟೇ ಬಲ್ಲೆ. ಫ್ಲ್ಯಾಟಿನ ಬಾಲ್ಕನಿಯಲ್ಲಿ ಅವಳು ನೆಟ್ಟ ಬಸಳೆ ಪ್ರತಿ ಜೂನಿನಲ್ಲೂ ಸುಟ್ಟುಹೋಗುತ್ತಿತ್ತು. ಸುಟ್ಟ ಬಳ್ಳಿಯನ್ನು ಕಿತ್ತ ಮೇಲೂ ಅವಳು ಆ ಕುಂಡಕ್ಕೆ ನೀರು ಹಾಕುತ್ತಲೇ ಇದ್ದಳು. ಅದನ್ನು ನೋಡಿದ ಮೇಲೆ ಶುಕ್ರವಾರದ ನಿದ್ದೆಯ ಪರವಾಗಿ ವಾದಿಸುವುದು ನನ್ನಂಥವನಿಗೂ ಕಷ್ಟ.

ಆ ವರ್ಷ ನಮ್ಮ ಕಫೀಲ್ ಖಲ್ಫಾನ್ ತಾವಾಗಿಯೇ ಕರೆದರು. ಕಫೀಲ್ ಎಂದರೆ ನಮ್ಮ ವೀಸಾಕ್ಕೂ ಅನ್ನಕ್ಕೂ ಹೊಣೆಯಾದ ಧಣಿ. ಮುಂಬಯಿ ವ್ಯಾಪಾರದಲ್ಲಿ ಕಲಿತ ಹಿಂದಿಯಲ್ಲಿ, “ಬರ್ಕಾದಲ್ಲಿ ನನ್ನ ತೋಟದ ಮನೆ ಇದೆ. ಸಂಜೆ ಗೂಳಿ ಕಾಳಗವೂ ಇದೆ. ಮನೆಯವರನ್ನೆಲ್ಲ ಕರೆದುಕೊಂಡು ಬಾ” ಎಂದರು. ಇಲ್ಲಿಯ ಕಾಳಗದಲ್ಲಿ ಕತ್ತಿಯಿಲ್ಲ, ರಕ್ತವಿಲ್ಲ. ಎರಡು ಗೂಳಿಗಳು ಹಣೆಗೆ ಹಣೆ ಕೊಟ್ಟು ತಳ್ಳುತ್ತವೆ. ಹಿಂದೆ ಸರಿದದ್ದು ಸೋತಿತು. ಖಲ್ಫಾನರ ಗೂಳಿ ಹಿಂದಿನ ಚಳಿಗಾಲವಿಡೀ ಸೋತಿತ್ತಂತೆ. ಆ ದಿನವೂ ಸೋತರೆ ಊರಿನಲ್ಲಿ ಮುಖ ತೋರಿಸುವುದು ಹೇಗೆ ಎಂದು ಆಫೀಸಿನಲ್ಲೇ ಚಿಂತೆ ಮಾಡುತ್ತಿದ್ದರು.

ತೋಟವನ್ನು ನೋಡಿ ವಾರಿಜ ಹತ್ತು ವರ್ಷ ಚಿಕ್ಕವಳಾದಳು. ಖರ್ಜೂರದ ಮರಗಳ ಕೆಳಗೆ ನಿಂಬೆ, ಮಾವು, ದಾಳಿಂಬೆ. ನಡುವೆ ದನಗಳಿಗೆಂದು ಬೆಳೆಸಿದ ಕುದುರೆಮೆಂತೆಯ ಹಸಿರು ಗದ್ದೆ. ಕಹ್ವಾ ಎಂಬ ಅರಬ್ಬಿ ಕಾಫಿ, ಖರ್ಜೂರ, ಅನ್ನ, ಮೀನು ಎಲ್ಲ ಮುಗಿದು ನಾನು ದಿಂಬಿಗೆ ಒರಗುವಷ್ಟರಲ್ಲಿ, “ಏಳಿ, ಒಂದು ಸುತ್ತು ಹೋಗುವ” ಎಂದಳು. ಹಿಂದೆಯೇ ಮಗಳು ಸ್ಮಿತಾ, “ಯೆಸ್ ಡ್ಯಾಡಿ, ಲೆಟ್ಸ್ ಗೋ!” ಎಂದಳು.

ನೀರಿನ ಕಾಲುವೆಯ ಪಕ್ಕ, ಎರಡು ಮಣ್ಣಿನ ಗೋಡೆಗಳ ನಡುವೆ ದಾರಿ. ವಾರಿಜ ಗದ್ದೆಯಂಚಿನಿಂದ ಒಂದು ಹಿಡಿ ಕುದುರೆಮೆಂತೆ ಕಿತ್ತು ಮೂಸುತ್ತ ನಡೆಯುತ್ತಿದ್ದಳು. ಆಗಲೇ ಹಿಂದಿನಿಂದ ಗದ್ದಲ ಕೇಳಿಸಿತು. ತಿರುಗಿ ನೋಡಿದರೆ ಗೂಳಿ! ಕಿತ್ತ ಹಗ್ಗವನ್ನು ಎಳೆದುಕೊಂಡು ಓಡಿಬರುತ್ತಿದೆ. ಅದರ ಹಿಂದೆ ಕೋಲು ಹಿಡಿದ ಜನ, ಅವರ ಹಿಂದೆ ಕಾಲಿಗೆ ತೊಡರುವ ದಿಶ್ದಾಶಾ ನಿಲುವಂಗಿಯನ್ನು ಎತ್ತಿ ಹಿಡಿದ ಖಲ್ಫಾನ್. ನಮ್ಮ ಮುಂದೆ ದಾರಿ ಮುಗಿಯುವಲ್ಲಿ ಹೆದ್ದಾರಿ, ಅದರ ತುಂಬ ಲಾರಿಗಳು.

ನಾನು ತಂದೆಯ ಕರ್ತವ್ಯ ಮಾಡಿದೆ. ಮಗಳನ್ನು ಎತ್ತಿ ಗೋಡೆಯ ಮೇಲೆ ಕೂರಿಸಿದೆ. ಮಗು ಒಂಟಿಯಾಗಬಾರದೆಂದು ನಾನೂ ಹತ್ತಿದೆ.

“ವಾರಿಜಾ, ಹತ್ತು ಮಾರಾಯ್ತಿ!”

“ನೀವು ಬೊಬ್ಬೆ ಹಾಕಬೇಡಿ. ಅದಕ್ಕೆ ಹೆದರಿಕೆಯಾಗಿದೆ.”

“ನನಗೆ ಆದದ್ದಕ್ಕೆ ಏನು ಮಾಡುವುದು?”

ಅವಳು ಗೂಳಿಯ ಹಿಂದಿದ್ದವರಿಗೆ ಕೈಯೆತ್ತಿ, ನಿಲ್ಲಿ ಎಂದು ಸನ್ನೆ ಮಾಡಿದಳು. ಆಶ್ಚರ್ಯವೆಂದರೆ ಎಲ್ಲರೂ ನಿಂತರು. ಗದ್ದಲ ಅಡಗಿದ್ದೇ ಗೂಳಿಯ ಓಟವೂ ನಿಧಾನವಾಯಿತು. ಅವಳು ಪಕ್ಕಕ್ಕೆ ಸರಿದು, ಸೊಪ್ಪನ್ನು ಮುಂದೆ ಹಿಡಿದು, ತೊಟ್ಟಿಲ ಮಗುವನ್ನು ಕರೆಯುವ ದನಿಯಲ್ಲಿ, “ಬಲ ಮಗಾ, ಬಲ” ಎಂದಳು. ಹುಟ್ಟಿದಂದಿನಿಂದ ಅರಬ್ಬಿ ಮಾತ್ರ ಕೇಳಿದ ಗೂಳಿ ತುಳುವಿನ ಈ ‘ಬಾ’ ಎಂಬ ಕರೆಗೆ ಕಿವಿ ನಿಮಿರಿಸಿತು. ಮೂಸಿತು. ಒಂದು ಹೆಜ್ಜೆ ಇಟ್ಟಿತು. ನಾನು ಗೋಡೆಯ ಮೇಲೆ ಕಾಲನ್ನೂ ಎತ್ತಿಕೊಂಡೆ. ಅದು ಸೊಪ್ಪಿಗೆ ಬಾಯಿ ಹಾಕಿದಾಗ ಅವಳು ಕತ್ತಿನ ಕೆಳಗೆ ತುರಿಸಿದಳು. ಗೂಳಿ ಕಣ್ಣು ಮುಚ್ಚಿ ಕತ್ತು ಚಾಚಿತು. ಅವಳು ನಿಧಾನವಾಗಿ ಹಗ್ಗ ಎತ್ತಿಕೊಂಡು ಖರ್ಜೂರದ ಮರಕ್ಕೆ ಎರಡು ಸುತ್ತು ಹಾಕಿದಳು.

“ಖಲಾಸ್,” ಎಂದಳು. ಅವಳಿಗೆ ಬರುತ್ತಿದ್ದ ಒಂದೇ ಅರಬ್ಬಿ ಶಬ್ದ ಅದು.

ಸಂಜೆಯ ಕಾಳಗವನ್ನು ನಾವು ಮೈದಾನದ ಅಂಚಿನಲ್ಲಿ ಕಾರಿನೊಳಗೆ ಕೂತು ನೋಡಿದೆವು. ನಮ್ಮ ಗೂಳಿ ಎದುರಾಳಿಯನ್ನು ತಳ್ಳಿ, ತಳ್ಳಿ, ಕೊನೆಗೆ ಅಟ್ಟಿಸಿಕೊಂಡು ಹೋಯಿತು. ಖಲ್ಫಾನ್ ಓಡಿಬಂದು ಕಾರಿನ ಕಿಟಕಿಯಲ್ಲಿ ಬಗ್ಗಿ, “ಮೇಡಂ, ನಿಮ್ಮ ಗೂಳಿ ಗೆದ್ದಿತು!” ಎಂದರು, ಕಣ್ಣಲ್ಲಿ ನೀರಿತ್ತು. ವಾರಿಜ ನಾಚಿಕೊಂಡು ಸೆರಗಿನಲ್ಲಿ ಮುಖ ಮುಚ್ಚಿಕೊಂಡರೂ ನಗು ಮಾತ್ರ ಹೊರಗೇ ಉಳಿಯಿತು. ಡಿಕ್ಕಿ ತುಂಬ ನಿಂಬೆ, ದಾಳಿಂಬೆ, ಖರ್ಜೂರ ಹೇರಿಕೊಂಡು, ಯುದ್ಧ ಗೆದ್ದು ಬರುವವರಂತೆ ನಾವು ಮಸ್ಕತ್ತಿಗೆ ಮರಳಿದೆವು. ದಾರಿಯುದ್ದಕ್ಕೂ ನಾನು ಹಾರ್ನ್ ಹೊಡೆದೆ.

ಆಮೇಲೆ ಪ್ರತಿ ವರ್ಷ ಬಿಸಿಲು ಇಳಿದೊಡನೆ ಕರೆ ಬರುತ್ತಿತ್ತು. ಒಂದು ಸಲ ಕಾಳಗದ ಹಿಂದಿನ ದಿನ ವಾರಿಜಳಿಗೆ ಜ್ವರ. ಧಣಿಗೆ ನಿರಾಸೆಯಾಗಬಾರದೆಂದು ನಾನು ಆಫೀಸಿನಲ್ಲಿ ಎದೆಯುಬ್ಬಿಸಿ, “ನಾನೊಬ್ಬನೇ ಬರುತ್ತೇನೆ” ಎಂದೆ.

ಖಲ್ಫಾನ್ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಪ್ರೀತಿಯಿಂದಲೇ ಹೆಗಲ ಮೇಲೆ ಕೈಯಿಟ್ಟರು. “ಬೇಡಪ್ಪ, ನೀನು ಮನೆಯಲ್ಲೇ ಇರು. ಗೋಡೆ ಹತ್ತುವುದನ್ನು ಗೂಳಿ ಕಲಿತುಬಿಟ್ಟರೆ ಕಷ್ಟ.”