ಭಾವನಿಗೆ ನಾನು ಕೊಟ್ಟ ಸೊನ್ನೆ

ಒಂದು ಗಂಟೆಯ ಉಪನ್ಯಾಸ ಕೇಳಿ, ಒಂದು ಕರಪತ್ರವನ್ನೂ ಮನೆಗೆ ತಂದ ಮನುಷ್ಯನಿಗೆ ಲಕ್ವದ ವಿಷಯದಲ್ಲಿ ತಿಳಿಯದ್ದು ಇನ್ನೇನು ಉಳಿದಿರುತ್ತದೆ? ನಾನಂತೂ ಏನೂ ಉಳಿದಿಲ್ಲವೆಂದೇ ನಂಬಿದ್ದೆ. ಶಿವಮೊಗ್ಗದ ವಿದ್ಯಾನಗರದಲ್ಲಿರುವ ನಮ್ಮ ಹಿರಿಯರ ಕೂಟಕ್ಕೆ ಡಾಕ್ಟರೊಬ್ಬರು ಬಂದು ಎಲ್ಲವನ್ನೂ ಬಿಡಿಸಿ ಹೇಳಿದ್ದರು. ಮಿದುಳಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಳ್ಳುತ್ತದೆ, ಇಲ್ಲವೇ ಒಡೆಯುತ್ತದೆ. ನಗಲು ಹೇಳಿ, ಬಾಯಿ ಸೊಟ್ಟಗಾಗುತ್ತದೆಯೇ ನೋಡಿ. ಎರಡೂ ಕೈ ಎತ್ತಿಸಿ, ಒಂದು ಜಾರುತ್ತದೆಯೇ ನೋಡಿ. ಒಂದು ವಾಕ್ಯ ಹೇಳಿಸಿ, ನಾಲಿಗೆ ತೊದಲುತ್ತದೆಯೇ ಕೇಳಿ. ಮೂರರಲ್ಲಿ ಒಂದಿದ್ದರೂ ಕೂಡಲೇ ಆಂಬುಲೆನ್ಸ್ ಕರೆಯಿರಿ. ಕರಪತ್ರ ಫ್ರಿಜ್ಜಿನ ಬಾಗಿಲು ಹತ್ತಿತು. ನಾನು ತಜ್ಞನಾದೆ.

ಮೊದಲ ಪ್ರಯೋಗ ಹೆಂಡತಿ ಶಾರದೆಯ ಮೇಲೆ. ಕುಕ್ಕರ್ ಇಳಿಸುತ್ತಿದ್ದವಳಿಗೆ, "ಎಲ್ಲಿ, ಸ್ವಲ್ಪ ನಗು ನೋಡೋಣ" ಎಂದೆ.

"ನಗೋ ಹಾಗೆ ಏನು ಮಾಡಿದೀರಿ ಅಂತ ನಗ್ಲಿ?" ಎಂದಳು.

ಎರಡನೆಯವನು ಹಾಲಿನವನು. ನನ್ನ ಮಾತಿಗೆ ಎರಡೂ ಕೈ ಎತ್ತಿದ ಅವನು ಮರುದಿನದಿಂದ ಪ್ಯಾಕೆಟ್ಟನ್ನು ಗೇಟಿಗೆ ಸಿಕ್ಕಿಸಿ ಓಡತೊಡಗಿದ. ಕೊನೆಗೆ ನನ್ನ ಕೈಗೆ ಖಾಯಂ ಆಗಿ ಸಿಕ್ಕಿದವರು ಭದ್ರಾವತಿಯ ಭಾವ, ಅಂದರೆ ಶಾರದೆಯ ಅಣ್ಣ ನಾಗೇಶ ಭಟ್ಟರು. ಪೌರೋಹಿತ್ಯ ಅವರ ವೃತ್ತಿ. ಬಿ.ಪಿ. ಬೇರೆ ಇತ್ತು. ದಿನಾ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಫೋನ್ ಮಾಡಿ, ನಾನೇ ರಚಿಸಿದ ಒಂದು ವಾಕ್ಯವನ್ನು ಅವರಿಂದ ಹೇಳಿಸುತ್ತಿದ್ದೆ: "ಭದ್ರಾವತಿಯ ಭಟ್ಟರ ಬೆಳ್ಳಿಯ ಬಟ್ಟಲು ಬಲು ಭಾರ." ಹತ್ತಕ್ಕೆ ಎಷ್ಟು ಅಂಕವೆಂದು ಡೈರಿಯಲ್ಲಿ ಬರೆಯುತ್ತಿದ್ದೆ.

ಆದರೆ ಭಾವನ ಎಡದವಡೆಯಲ್ಲಿ ಸದಾ ಎಲೆ ಅಡಿಕೆ. ಹಾಗಾಗಿ ಆರು ಅಂಕ ದಾಟುತ್ತಿರಲಿಲ್ಲ.

"ಉಗಿದು ಹೇಳಿ ಭಾವ."

"ಈಗಷ್ಟೇ ಹಾಕ್ಕೊಂಡಿದೀನಿ ಮಾರಾಯ್ರೆ. ಇದ್ದಷ್ಟರಲ್ಲೇ ಅರ್ಥ ಮಾಡ್ಕೊಳ್ಳಿ."

ಒಂದು ದಿನ ಬೆಳಿಗ್ಗೆ ಏಳಕ್ಕೆ ಭಾವನೇ ಫೋನ್ ಮಾಡಿದರು. ನಾನು ಪೇಪರ್ ಓದುತ್ತಿದ್ದೆ, ಫೋನನ್ನು ಶಾರದೆಯ ಕೈಗೆ ದಾಟಿಸಿದೆ. ಅಣ್ಣ ತಂಗಿ ಏನೋ ಮಾತಾಡಿಕೊಂಡರು. ಎಂಟಕ್ಕೆ ನಾನು ಪದ್ಧತಿಯಂತೆ ಫೋನ್ ಮಾಡಿದೆ. ಅವರು ಎತ್ತಿದ್ದೇ ತಡವಾಗಿ. ವಾಕ್ಯ ಕೇಳಿದರೆ, "ಬ... ಬದ್ದಾ... ಬ..." ಎಂದು ಮುದ್ದೆಮುದ್ದೆಯಾದ ಸದ್ದು ಬಂತು.

"ಭಾವ, ಇವತ್ತು ಅತಿಯಾಯ್ತು. ಬಾಯಿ ತುಂಬ ತುಂಬ್ಕೊಂಡು ಪರೀಕ್ಷೆಗೆ ಕೂತ್ರೆ ಹೇಗೆ? ಇವತ್ತು ನಿಮಗೆ ಸೊನ್ನೆ."

ಮತ್ತೆ ಏನೋ ಹೇಳಲು ಹೊರಟರು. ನಾನು ಫೋನ್ ಇಟ್ಟೆ. ಡೈರಿಯಲ್ಲಿ ಕೆಂಪು ಪೆನ್ನಿನಿಂದ ದುಂಡಗೆ ಸೊನ್ನೆ ಬರೆದು, ಪಕ್ಕದಲ್ಲಿ ಕಾರಣವನ್ನೂ ನಮೂದಿಸಿದೆ: ಎಲೆ ಅಡಿಕೆ.

ಸ್ನಾನ ಮುಗಿಸಿ ತಿಂಡಿಗೆ ಕೂತವನು ಶಾರದೆಗೆ ಇದನ್ನೆಲ್ಲ ಹೇಳಿದೆ. ಬರೀ ಹೇಳಲಿಲ್ಲ, ಬಾಯಿ ಸೊಟ್ಟ ಮಾಡಿ ಭಾವನ ಹಾಗೆಯೇ ಮಾತಾಡಿ ತೋರಿಸಿದೆ. ಅವಳು ನಗಲಿಲ್ಲ.

"ರೀ, ನಿಮ್ಮ ತಟ್ಟೇಲಿ ಏನಿದೆ?"

"ಅವಲಕ್ಕಿ."

"ಯಾಕೆ ಅವಲಕ್ಕಿ ಮಾಡಿದೀನಿ?"

ಇಂಥ ಪ್ರಶ್ನೆಗೆ ಗಂಡಸರು ಏನು ಉತ್ತರ ಹೇಳಬೇಕು? ಇನ್ನೊಂದು ತುತ್ತು ಬಾಯಿಗಿಟ್ಟೆ.

"ಇವತ್ತು ಏಕಾದಶಿ. ಅಣ್ಣ ಒಂದು ತೊಟ್ಟು ನೀರೂ ಕುಡಿಯಲ್ಲ. ಅವನ ಬಾಯಲ್ಲಿ ಎಲೆ ಅಡಿಕೆ ಎಲ್ಲಿಂದ ಬಂತು?"

ನಾನು ತಟ್ಟೆ ಪಕ್ಕಕ್ಕೆ ತಳ್ಳಿದೆ. ಅತ್ತಿಗೆ ತವರಿಗೆ ಹೋಗಿದ್ದಾರೆ, ಅಣ್ಣ ಒಬ್ಬನೇ ಇದ್ದಾನೆ ಎಂದು ಶಾರದೆ ಹೇಳುತ್ತಿದ್ದಳು. ಆಗಲೇ ಗಂಟೆ ಎಂಟೂ ಮುಕ್ಕಾಲು. ತಜ್ಞ ಎದ್ದು ಓಡಿದ. ಎಲ್ಲಿಗೆ? ಕಾರಿನ ಕೀಲಿಗೆ. ಕೀಲಿ ನೇತುಹಾಕಿದ್ದು ಫ್ರಿಜ್ಜಿನ ಪಕ್ಕದಲ್ಲೇ. ಕೂಡಲೇ ಆಂಬುಲೆನ್ಸ್ ಕರೆಯಿರಿ ಎಂಬ ದಪ್ಪ ಅಕ್ಷರಗಳು ನನ್ನ ಮೂಗಿನ ನೇರಕ್ಕೇ ಇದ್ದವು. ನಾನು ಕೀಲಿ ಕಿತ್ತುಕೊಂಡು ಹೊರಟೆ. ಫೋನನ್ನು ಮೇಜಿನ ಮೇಲೇ ಬಿಟ್ಟೆ.

ಭದ್ರಾವತಿ ರಸ್ತೆಯಲ್ಲಿ ಶಂಕರಘಟ್ಟದ ವಿಶ್ವವಿದ್ಯಾಲಯಕ್ಕೆ ಹೋಗುವ ಬಸ್ಸೊಂದು ನನ್ನ ಮುಂದೆ ಸಿಕ್ಕಿತು. ಅದು ಕೈ ತೋರಿಸಿದ ವಿದ್ಯಾರ್ಥಿಗಳಿಗೆಲ್ಲ ನಿಲ್ಲುತ್ತಿತ್ತು. ನಾನು ಹಾರ್ನ್ ಒತ್ತುತ್ತಲೇ ಇದ್ದೆ. ನನ್ನ ಮಗಳ ಮದುವೆಯ ದಿನ ಮೈಕ್ ಕೆಟ್ಟಿತ್ತು. ಭಾವನ ಮಂತ್ರ ಮಾತ್ರ ಊಟದ ಮನೆಯವರೆಗೂ ಕೇಳಿಸಿತ್ತು. ಆ ದನಿಗೇ ನಾನು ಸೊನ್ನೆ ಕೊಟ್ಟಿದ್ದೆ. ಅವರು ಇನ್ನು ಮಾತಾಡದೇ ಹೋದರೆ? ಬದುಕದೇ ಹೋದರೆ? ನನ್ನ ಜೀವನದಲ್ಲಿ ಅಷ್ಟು ಹೆದರಿದ್ದು ಬೇರೆ ನೆನಪಿಲ್ಲ. ಎದುರಿನಿಂದ ಆಂಬುಲೆನ್ಸೊಂದು ಕೂಗಿಕೊಂಡು ಬಂತು. ಪಾಪ, ಯಾರಿಗೆ ಏನಾಯಿತೋ ಎಂದು ಮರುಗಿ, ಕಾರನ್ನು ಪೂರ್ತಿ ಪಕ್ಕಕ್ಕೆ ಸರಿಸಿ ನಿಲ್ಲಿಸಿದೆ.

ಭಾವನ ಮನೆಗೆ ಬೀಗ. ಪಕ್ಕದ ಮನೆಯ ಸೆಲ್ವಮ್ಮ ಗೇಟಿನಲ್ಲೇ ನಿಂತಿದ್ದರು.

"ಸಾಮೀನ ಶಿವಮೊಗ್ಗಕ್ಕೇ ಕಳಿಸಿಬಿಟ್ವಿ ಸಾರ್. ಶಾರದಮ್ಮ ನಂಗೆ ಫೋನ್ ಮಾಡಿದ್ರು, ನಾನು ಆಂಬುಲೆನ್ಸಿಗೆ ಮಾಡ್ದೆ. ನಮ್ಮ ಯಜಮಾನ್ರೂ ಜೊತೇಲಿ ಹೋಗವ್ರೆ. ದಾರೀಲಿ ಸಿಗ್ಲಿಲ್ವಾ?"

"ಸಿಕ್ತು," ಎಂದೆ. "ದಾರಿ ಬಿಟ್ಟೆ."

ಭಾವ ದೇವರ ಮನೆಯ ಮುಂದೆ ಕುಸಿದು ಕೂತಿದ್ದರಂತೆ. ಬಲಗೈ ಬಿದ್ದುಹೋಗಿತ್ತು. ಎಡಗೈಯಲ್ಲಿ ಫೋನ್ ಹಿಡಿದೇ ಇದ್ದರಂತೆ. ಅದನ್ನು ಕೇಳಿ ನಾನು ಅವರ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ.

ನಾನು ಆಸ್ಪತ್ರೆ ಮುಟ್ಟುವ ಹೊತ್ತಿಗೆ ಆಟೋದಲ್ಲಿ ಬಂದ ಶಾರದೆ ಎಲ್ಲ ಮುಗಿಸಿದ್ದಳು. ಕೊನೆಯ ಸಲ ಅವರು ಸರಿಯಾಗಿ ಇದ್ದದ್ದು ಎಷ್ಟು ಹೊತ್ತಿಗೆ ಎಂದು ಡಾಕ್ಟರು ಕೇಳಿದರಂತೆ. ಅವಳು ನನ್ನ ಫೋನಿನಲ್ಲಿ ಎರಡೂ ಕರೆಗಳ ಹೊತ್ತನ್ನು ತೋರಿಸಿದ್ದಳು: ಏಳಕ್ಕೆ ಸ್ಪಷ್ಟ ಮಾತು, ಎಂಟಕ್ಕೆ ತೊದಲು. ಸ್ಕ್ಯಾನಿನಲ್ಲಿ ರಕ್ತ ಹೆಪ್ಪುಗಟ್ಟಿದ್ದು ಎಂದು ಗೊತ್ತಾಗಿ, ಅದನ್ನು ಕರಗಿಸುವ ಇಂಜೆಕ್ಷನ್ ಕೊಟ್ಟಾಗಿತ್ತು. ನಾಲ್ಕೂವರೆ ಗಂಟೆ ದಾಟಿದ್ದರೆ ಅದನ್ನು ಕೊಡುತ್ತಿರಲಿಲ್ಲವಂತೆ.

"ನಿಮ್ಮ ಯಜಮಾನರು ಎಂಟಕ್ಕೆ ಫೋನ್ ಮಾಡಿದ್ದು ಒಳ್ಳೇದಾಯ್ತು," ಎಂದರು ಡಾಕ್ಟರು.

"ಆ ಫೋನ್ ಮನೇಲಿ ಬಿಟ್ಟು ಹೋಗಿದ್ದು ಇನ್ನೂ ಒಳ್ಳೇದಾಯ್ತು," ಎಂದಳು ಶಾರದೆ.

ಇನ್ನೊಂದು ವಿಷಯವೂ ಹೊರಬಿತ್ತು. ಉಪವಾಸದ ದಿನ ನೀರಿಲ್ಲ, ನೀರಿಲ್ಲದ ಮೇಲೆ ಬಿ.ಪಿ. ಮಾತ್ರೆಯೂ ಇಲ್ಲ ಎಂದು ಭಾವ ವರ್ಷಗಳಿಂದ ಏಕಾದಶಿಗೆಲ್ಲ ಮಾತ್ರೆ ಬಿಡುತ್ತಿದ್ದರು. ದಿನಾ ಅಂಕ ಕೊಟ್ಟ ನಾನು ಮಾತ್ರೆ ನುಂಗಿದಿರಾ ಎಂದು ಒಮ್ಮೆಯೂ ಕೇಳಿರಲಿಲ್ಲ.

ಎರಡು ದಿನ ಭಾವ ಮಾತಾಡಲಿಲ್ಲ. ನಾನು ಮಂಚದ ಪಕ್ಕದಲ್ಲಿ ಅಪರಾಧಿಯ ಹಾಗೆ ಕೂತಿದ್ದೆ. ಮೂರನೆಯ ದಿನ ನನ್ನನ್ನೇ ನೋಡುತ್ತ, ಬಾಯಿ ಓರೆಯಾಗಿದ್ದರೂ, ಒಂದೊಂದೇ ಅಕ್ಷರ ಕೂಡಿಸಿ ಹೇಳಿದರು: "ಬೆ...ಳ್ಳಿ... ಬಟ್ಟ...ಲು." ಶಾರದೆ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಎಷ್ಟು?" ಎಂದು ಭಾವ ನನ್ನನ್ನು ಕೇಳಿದರು. ಮರುದಿನ ನಾನು ಡೈರಿಯನ್ನೇ ತಂದು ಅವರ ಕೈಗೆ ಕೊಟ್ಟೆ.

ಈಗ ಭಾವನ ಮಾತು ಮುಕ್ಕಾಲು ಪಾಲು ಮರಳಿದೆ. ಎಲೆ ಅಡಿಕೆ ಬಿಟ್ಟಿದ್ದಾರೆ. ಏಕಾದಶಿಯ ದಿನ ಮಾತ್ರೆಯನ್ನು ಎರಡು ಉದ್ಧರಣೆ ಚಮಚ ತೀರ್ಥದಲ್ಲಿ ನುಂಗುತ್ತಾರೆ. ದೇವರು ಇದುವರೆಗೆ ಆಕ್ಷೇಪಿಸಿಲ್ಲ. ಬೆಳಿಗ್ಗೆ ಎಂಟರ ಫೋನ್ ಈಗ ಭದ್ರಾವತಿಯಿಂದ ಬರುತ್ತದೆ. ಡೈರಿಯೂ ಅವರ ಹತ್ತಿರವೇ ಇದೆ. ಅವರು ನನಗೆ ನಗಿ ಎನ್ನುವುದಿಲ್ಲ, ಕೈ ಎತ್ತಿ ಎನ್ನುವುದಿಲ್ಲ. ಕೇಳುವುದು ಒಂದೇ ಪ್ರಶ್ನೆ.

"ಮಾರಾಯ್ರೆ, ಇವತ್ತು ತಿಥಿ ಯಾವ್ದು?"

"ಒಂದು ನಿಮಿಷ ಭಾವ," ಎನ್ನುತ್ತೇನೆ. "ಶಾರದೆ ಹಿತ್ತಲಲ್ಲಿದಾಳೆ, ಕೇಳಿ ಹೇಳ್ತೀನಿ."