ಅಪರಂಜಿಗೂ ತಪ್ಪು ಹುಡುಕುವ ಮಾವ

ನಮ್ಮ ಸೋದರಮಾವನ ಪ್ರಕಾರ ಈ ಭೂಮಂಡಲದಲ್ಲಿ ಶುದ್ಧವಾದ ವಸ್ತು ಒಂದೂ ಇಲ್ಲ. ದೇವರ ವಿಗ್ರಹವೂ ಅಷ್ಟೆ. ಹೆಸರಿಗೆ ಪಂಚಲೋಹ, ಒಳಗೆ ಹದಿನೈದಾದರೂ ಇರುತ್ತವಂತೆ! ಹೀಗಿರುವಾಗ ಅವರ ಮಗಳು, ತೀರಿಹೋದ ಅಮ್ಮನ ಬಳೆ ಕರಗಿಸಿಯೇ ತನ್ನ ಮದುವೆಯ ತಾಳಿ ಮಾಡಿಸಬೇಕೆಂದು ಹಟ ಹಿಡಿದರೆ ನಮಗೆ ದಿಗಿಲಾಗದೆ ಇದ್ದೀತೆ? ಬಳೆ ಇದ್ದದ್ದು ಮಾವನ ಬೀರುವಿನಲ್ಲಿ. ಅದನ್ನು ಅವರು ಅಕ್ಕಸಾಲಿಯ ಕೈಗೆ ಕೊಡುವುದುಂಟೆ?

ತಪ್ಪು ಅವರದಲ್ಲ, ಅಣುಶಕ್ತಿ ಕೇಂದ್ರದಲ್ಲಿ ಲೋಹದ ಶುದ್ಧತೆ ಅಳೆಯುತ್ತಿದ್ದ ಕಸುಬಿನದು. ಲೋಹದ ಚೂರನ್ನು ಅಣು ರಿಯಾಕ್ಟರಿನಲ್ಲಿಟ್ಟು ನ್ಯೂಟ್ರಾನುಗಳಿಂದ ಹೊಡೆಸುವುದು. ಏಟು ತಿಂದ ಚೂರು ಗಾಮಾ ಕಿರಣಗಳ ಮೂಲಕ ತನ್ನೊಳಗಿನ ಬೆರಕೆಯನ್ನೆಲ್ಲ ಒಪ್ಪಿಕೊಳ್ಳುವುದು. ಪೊಲೀಸ್ ಠಾಣೆಯ ಪದ್ಧತಿಯೇ! ಕೋಟಿಗೊಂದು ಪಾಲು ತಾಮ್ರ ಅಡಗಿದ್ದರೂ ಮಾವನಿಗೆ ಸಿಕ್ಕಿಬೀಳುತ್ತಿತ್ತು.

ನಿವೃತ್ತರಾಗಿ ಹಾನುಬಾಳಿನ ಕಾಫಿ ತೋಟಕ್ಕೆ ಬಂದಮೇಲೂ ಅವರು ಬರಿಗೈಯಲ್ಲಿ ಲೋಹ ಮುಟ್ಟಲೊಲ್ಲರು. ಬೆವರಿನ ಉಪ್ಪು ಅಂಟಿದರೆ ಅಳತೆ ಕೆಡುತ್ತದೆಂಬ ಹಳೆಯ ಭಯ. ಒಮ್ಮೆ ತಿರುವಿನ ರಸ್ತೆಯಲ್ಲಿ ಬಸ್ಸು ಓಲಾಡುವಾಗ ಕಂಡಕ್ಟರ್ ಕೂಗಿದ:

"ಯಜಮಾನ್ರೇ, ಕಂಬಿ ಹಿಡ್ಕೊಳ್ರೀ!"

"ನನ್ನ ಬೆವರು ಅಂಟ್ತದೆ ಕಣಯ್ಯ."

"ಹಿಡೀದಿದ್ರೆ ನಿಮ್ಮ ಹಲ್ಲೇ ಅಂಟ್ತವೆ!"

ನಿಶ್ಚಿತಾರ್ಥದಲ್ಲಿ ಗಂಡಿನ ಸೋದರತ್ತೆ ಹೆಮ್ಮೆಯಿಂದ, "ನಮ್ ಹುಡುಗ ಅಪರಂಜಿ ಕಣ್ರೀ" ಎಂದರು. ಮಾವ ಗಂಭೀರವಾಗಿ ಕೇಳಿದರು: "ಯಾವ ವಿಧಾನದಲ್ಲಿ ಅಳೆದ್ರಿ?" ಹುಡುಗ ನಕ್ಕುಬಿಟ್ಟ, ಸಂಬಂಧ ಉಳಿಯಿತು!

ಕೊನೆಗೊಂದು ದಿನ ಮಾವ ತಾವಾಗಿಯೇ ಬಳೆ ತೆಗೆದುಕೊಂಡು, ಮಗಳನ್ನೂ ನನ್ನನ್ನೂ ಹೊರಡಿಸಿಕೊಂಡು ಬಾಳ್ಳುಪೇಟೆಯ ಅಕ್ಕಸಾಲಿ ಆಚಾರ್ರ ಅಂಗಡಿಗೆ ನಡೆದರು. ಇನ್ನೇನು, ಆಚಾರ್ರು ಚಿನ್ನ ಕರಗಿಸುವ ಮೂಸೆಗೂ ಇಕ್ಕಳಕ್ಕೂ ಗ್ರಹಚಾರ ಕಾದಿದೆ ಎಂದುಕೊಂಡೆ.

ಆಚಾರ್ರು ಬಳೆಯನ್ನು ಒರೆಗೆ ಹಚ್ಚಿ ನೋಡಿದರು. "ಹಳೇ ಚಿನ್ನ, ಬೆರಕೆ ಐತೆ. ಸಂದಿನಾಗೆ ಕೊಳೆ ಬೇರೆ. ಮೊದ್ಲು ಶುದ್ಧಿ ಮಾಡ್ಬುಡ್ತೀನಿ."

"ಬ್ಯಾಡಿ" ಎಂದರು ಮಾವ.

ನಾನು ಬೆಚ್ಚಿದೆ. ಆಯುಷ್ಯವೆಲ್ಲ ಬೆರಕೆಯ ಬೆನ್ನು ಹತ್ತಿದವರ ಬಾಯಲ್ಲಿ ಈ ಮಾತೇ!

"ಅಲ್ಲ ಸ್ವಾಮಿ, ಕೊಳೆ..."

"ಮದ್ವೆಯಾದಾಗಿಂದ ಇವಳಮ್ಮ ಇದನ್ನ ಹಾಕ್ಕೊಂಡೇ ರೊಟ್ಟಿ ತಟ್ಟಿದಾಳೆ, ಕಾಫಿ ಕುಯ್ದಿದಾಳೆ, ಇವಳಿಗೆ ಎಣ್ಣೆ ನೀರು ಹಾಕಿದಾಳೆ. ಅದನ್ನ ಕೊಳೆ ಅನ್ಬೇಡಿ ಆಚಾರ್ರೇ. ಹೆಂಗೈತೋ ಹಂಗೇ ಕರಗ್ಸಿ."

ಮಗಳು ಅಪ್ಪನ ತೋಳು ಹಿಡಿದುಕೊಂಡಳು. ಬಳೆ ಮೂಸೆಗೆ ಇಳಿಯಿತು. ಜ್ವಾಲೆ ಭುಸ್ಸೆಂದಾಗ ಮಾವ ಮೆಲ್ಲಗೆ, "ಉರಿ ಸ್ವಲ್ಪ ಸಣ್ಣದಿರ್ಲಿ" ಎಂದರು.

ಸಣ್ಣ ಉರಿಗೆ ಚಿನ್ನ ಕರಗದೆಂಬುದು ಮಾವನಿಗೂ ಗೊತ್ತು, ಆಚಾರ್ರಿಗೂ ಗೊತ್ತು. ಆದರೂ ಆಚಾರ್ರು ಉರಿ ತಗ್ಗಿಸಿ, ಬಳೆ ಇನ್ನೊಂದಿಷ್ಟು ಹೊತ್ತು ಬಳೆಯಾಗಿಯೇ ಇರಲೆಂದು ಕಾದರು.