ತೀರ್ಥಕ್ಕೆ ಕೊಡೆ ಹಿಡಿದ ಭಾವ

ನಮ್ಮ ಭಾವನವರ ಮನೆಯಲ್ಲಿ ಒಂಟಿಯಾಗಿ ಬದುಕುವ ಹಕ್ಕು ಯಾವ ವಸ್ತುವಿಗೂ ಇಲ್ಲ! ಕೊಡೆ ಎರಡು, ಕನ್ನಡಕ ಎರಡು, ಗ್ಯಾಸ್ ಲೈಟರ್ ಎರಡು. ಉಪ್ಪಿನ ಡಬ್ಬಿಯೂ ಎರಡು. ಒಂದು ಬಳಸಲಿಕ್ಕೆ, ಇನ್ನೊಂದು ಮೊದಲನೆಯದಕ್ಕೆ ಧೈರ್ಯ ಹೇಳಲಿಕ್ಕೆ. ಭಾನುವಾರ ಚರ್ಚಿಗೆ ಹೊರಟರೆ ಜೇಬಿನಲ್ಲಿ ಎರಡು ಜಪಸರ. "ಒಂದು ಕಿತ್ತೋದ್ರೆ ಪ್ರಾರ್ಥನೆ ಅರ್ಧಕ್ಕೇ ನಿಲ್ಸಕ್ಕಾಗುತ್ತೇನಮ್ಮ?" ಎನ್ನುತ್ತಾರೆ. ಎಣಿಸಲು ಬೆರಳುಗಳಿಲ್ಲವೇ ಎಂದು ನಾನು ಕೇಳಿಲ್ಲ. ಕೇಳಿದರೆ, ಸದ್ಯ ಕೈಯೂ ಎರಡಿವೆ ಎಂದು ಸಮಾಧಾನಪಟ್ಟುಕೊಂಡಾರು.

ಭಾವ ಎಂದರೆ ನಮ್ಮನೆಯವರ ಅಣ್ಣ. ನಜರ್‌ಬಾದಿನ ನಮ್ಮ ಮನೆಯಲ್ಲಿ ಕೆಳಗೆ ನಾವು, ಮಹಡಿಯಲ್ಲಿ ಅವರು. ಅಕ್ಕ, ಅಂದರೆ ನನ್ನ ಓರಗಿತ್ತಿ, ತೀರಿಕೊಂಡ ಮೇಲೆ ಅವರ ಊಟ ನಮ್ಮಲ್ಲೇ. ಮೆಟ್ಟಿಲಿಳಿದು ಬರುವಷ್ಟು ಮೊಣಕಾಲು ಗಟ್ಟಿಯಿದೆ, ನನ್ನ ಸಾರು ಅವರಿಗೆ ಒಗ್ಗಿದೆ. ದೇವರ ದಯೆ, ಇನ್ನೇನು ಬೇಕು?

ಅಕ್ಕ ಹೋದ ಹೊಸತರಲ್ಲಿ ನೆಂಟರೊಬ್ಬರು ಬಂದು, "ಇನ್ನೊಂದು ಮದ್ವೆ ಮಾಡ್ಕೊಂಬುಡಿ. ಎಲ್ಲಾನೂ ಎರಡೆರಡು ಇಟ್ಕೊಳೋರು ನೀವು!" ಎಂದು ನಕ್ಕರು. ಭಾವ ಅವರಿಗೆ ಕಾಫಿ ಕೊಟ್ಟು, ಗೇಟಿನವರೆಗೂ ಹೋಗಿ, ಕೈಗೊಂದು ಕೊಡೆ ಕೊಟ್ಟು ಕಳಿಸಿದರು. ಅಂದು ಮಳೆ ಇರಲಿಲ್ಲ. ಮರುದಿನವೇ ಇನ್ನೊಂದು ಕೊಡೆ ತಂದಿಟ್ಟುಕೊಂಡರು; ಮದುವೆಯ ಮಾತು ಮಾತ್ರ ಮತ್ತೆ ಏಳಲಿಲ್ಲ.

ನಮ್ಮ ಕುಟುಂಬದ ಫೋಟೊ, ವಿಡಿಯೊಗಳೆಲ್ಲ ಅಕ್ಕನ ಇಲಾಖೆ. ಮಕ್ಕಳ ಜ್ಞಾನಸ್ನಾನವಿರಲಿ, ಕ್ರಿಸ್‌ಮಸ್ ಗೋದಲಿಯಿರಲಿ, ನಾನು ಸೀಯಿಸಿದ ಕಜ್ಜಾಯವೇ ಇರಲಿ, ಕ್ಯಾಮೆರಾ ಅಕ್ಕನ ಕೈಯಲ್ಲೇ. ಹಾಗಾಗಿ ಮದುವೆಯ ಆಲ್ಬಮ್ ಬಿಟ್ಟರೆ ಅಕ್ಕ ಹೆಚ್ಚುಕಡಿಮೆ ಯಾವ ಚಿತ್ರದಲ್ಲೂ ಇಲ್ಲ. ವಿಡಿಯೊಗಳಲ್ಲಿ ಕ್ಯಾಮೆರಾದ ಹಿಂದಿನಿಂದ ಕೇಳುವ ದನಿ ಮಾತ್ರ ಇದೆ. ಅವೆಲ್ಲ ಇರುವುದು ಅಕ್ಕನದೇ ಒಂದು ಹಳೆಯ ಹಾರ್ಡ್ ಡಿಸ್ಕಿನಲ್ಲಿ. ಅದರ ವಾಸ ಬಿಸ್ಕತ್ತಿನ ಡಬ್ಬಿಯೊಳಗೆ. ಹೋದ ವರ್ಷ ಕಂಪ್ಯೂಟರಿಗೆ ಹಾಕಿದಾಗ ಒಳಗಿನಿಂದ ಟಕ್ ಟಕ್ ಎಂದಿತು. ಭಾವ ಬೆಚ್ಚಿಬಿದ್ದು ತಂತಿ ಕಿತ್ತರು. ಆಗಲೇ ನಮಗೆಲ್ಲ ಹೊಳೆದದ್ದು: ಆ ಮನೆಯಲ್ಲಿ ಜೋಡಿಯಿಲ್ಲದ ವಸ್ತು ಅದೊಂದೇ!

ಅಂದಿನಿಂದ ಒಂದು ಪೆಟ್ಟಿಗೆಯ ಹುಡುಕಾಟ ಶುರುವಾಯಿತು. ಮನೆಯ ವೈಫೈಗೆ ಸೇರಿಸಿಟ್ಟರೆ ಮನೆಮಂದಿಯ ಫೋಟೊ, ವಿಡಿಯೊಗಳನ್ನೆಲ್ಲ ಒಂದೇ ಕಡೆ ಕಾಪಾಡುವ, ಟೀವಿಯಲ್ಲಿ ತೋರಿಸುವ ಪೆಟ್ಟಿಗೆ ಸಿಗುತ್ತದಂತೆ. ಒಳಗೆ ಎರಡು ಡಿಸ್ಕು. ಒಂದರಲ್ಲಿ ಇರುವುದೇ ಇನ್ನೊಂದರಲ್ಲೂ. ಭಾವನವರಿಗೆಂದೇ ದೇವರು ಸೃಷ್ಟಿಸಿದ ವಸ್ತು ಅಲ್ಲವೇ? ಒಂದು ವಾರದಲ್ಲಿ ಬಂದೀತು ಎಂದುಕೊಂಡೆ. ಎಲ್ಲಿ ಬಂತು!

ಲಕ್ಷ್ಮೀಪುರಂನ ಕಂಪ್ಯೂಟರ್ ಅಂಗಡಿಗೆ ಒಮ್ಮೆ ನಾನೂ ಜೊತೆಗೆ ಹೋದೆ. ಭಾವ ಪೆಟ್ಟಿಗೆಗೆ ಕಿವಿಯಿಟ್ಟು, ಡಾಕ್ಟರ ಹಾಗೆ ಕಣ್ಣು ಮುಚ್ಚಿ ಆಲಿಸಿದರು.

"ಇದೇ ಕೆಟ್ಟೋದ್ರೆ?" ಎಂದರು.

"ಒಳಗೆ ಎರಡು ಡಿಸ್ಕ್ ಇದೆಯಲ್ಲ ಸಾರ್," ಎಂದ ಅಂಗಡಿಯಾತ.

"ಡಿಸ್ಕಲ್ಲ ಕಣಪ್ಪ, ಪೆಟ್ಟಿಗೇನೇ ಕೆಟ್ಟೋದ್ರೆ?"

"ಇನ್ನೊಂದು ಪೆಟ್ಟಿಗೆ ತಗೊಳಿ."

"ಮನೇನೇ ಬಿದ್ದೋದ್ರೆ?"

"ದುಡ್ಡು ಕಟ್ಟುದ್ರೆ ಕಂಪನಿಯೋರೇ ಅವರತ್ರ ಇಟ್ಕೋತಾರೆ ಸಾರ್, ಇಂಟರ್ನೆಟ್ಟಲ್ಲಿ."

ಭಾವನವರ ಮುಖ ಗಂಟಾಯಿತು. "ನಮ್ಮನೆಯೋರ್ನ ಯಾರ್ದೋ ಮನೇಲಿ ಯಾಕಪ್ಪಾ ಬುಡ್ಲಿ?"

ಅಂಗಡಿಯಾತ ನನ್ನ ಕಡೆ ನೋಡಿದ. ನಾನು ಫ್ಯಾನಿನ ಕಡೆ ನೋಡಿದೆ.

"ಅಣ್ಣ ಹೆಣ್ಣು ನೋಡಕ್ಕೂ ಇಷ್ಟು ಓಡಾಡ್ಲಿಲ್ಲ ಕಣೇ. ಅತ್ತಿಗೇನ ಒಂದ್ಸಲ ನೋಡಿದ್ದಷ್ಟೆ, ಹೂಂ ಅಂದ್ಬುಟ್ಟ," ಎಂದು ನಮ್ಮನೆಯವರು ರೇಗಿಸಿದರು. ಕಳೆದುಹೋದದ್ದನ್ನು ಹುಡುಕಿಕೊಡುವ ಸಂತರಿಗೆ ನಾನು ಪ್ರತಿ ಮಂಗಳವಾರ ಮೊಂಬತ್ತಿ ಹಚ್ಚುತ್ತೇನೆ. ಇನ್ನೂ ಕಳೆಯದಿರುವುದಕ್ಕೂ ಒಂದು ಹಚ್ಚತೊಡಗಿದೆ.

ಪಾಸ್ಕ ಹಬ್ಬಕ್ಕೆ, ಅಂದರೆ ಈಸ್ಟರಿಗೆ, ಮುಂಚಿನ ನಲವತ್ತು ದಿನಗಳ ತಪಸ್ಸು ಕಾಲದಲ್ಲಿ ಅಂತೂ ಪೆಟ್ಟಿಗೆ ಬಂತು. ಸ್ಕೂಟರಿನಿಂದ ಹಿಡಿದು ಮಿಕ್ಸಿಯವರೆಗೆ ಹೊಸದೇನು ಬಂದರೂ ಫಾದರ್ ಬಂದು ಮಂತ್ರಿಸಿ ತೀರ್ಥ ಚಿಮುಕಿಸದೆ ನಮ್ಮಲ್ಲಿ ಬಳಸುವುದಿಲ್ಲ. ನಮ್ಮ ಫಾದರಿಗೋ ತೀರ್ಥದಲ್ಲಿ ಧಾರಾಳ ಕೈ. ಅವರು ಕೈ ಎತ್ತಿದ್ದೇ ತಡ, ಭಾವ ಸರ‍್ರನೆ ಕೊಡೆ ಬಿಚ್ಚಿ ಪೆಟ್ಟಿಗೆಯ ಮೇಲೆ ಹಿಡಿದುಬಿಟ್ಟರು!

"ಅಯ್ಯೋ ಭಾವ, ತೀರ್ಥಕ್ಕೆ ಕೊಡೆ ಹಿಡೀತಾರಾ!" ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಕರೆಂಟಿನ ವಸ್ತು ಕಣಮ್ಮ. ನೀರು ಒಳಕ್ಕೋದ್ರೆ?"

ಫಾದರ್ ನಕ್ಕು, ಕೊಡೆಗೇ ಎರಡು ಸಲ ಚಿಮುಕಿಸಿದರು. "ಇರ್ಲಿ ಬುಡಿಮ್ಮ. ಕೊಡೆ ಕೆಳಗಿರೋರ್ಗೂ ಸಲ್ಲುತ್ತೆ."

ಮುಂದಿನ ಕೆಲಸ ಸುಲಭ. ಹಳೆಯ ಡಿಸ್ಕಿನ ತಂತಿಯನ್ನು ಪೆಟ್ಟಿಗೆಗೆ ಸಿಕ್ಕಿಸಿ ಗುಂಡಿ ಒತ್ತಿದರೆ ಇದ್ದದ್ದೆಲ್ಲ ತಾನೇ ಒಳಗೆ ಇಳಿಯುತ್ತದೆ ಎಂದು ಅಂಗಡಿಯಾತ ತೋರಿಸಿ ಹೋಗಿದ್ದ. ಆದರೆ ಪಾಸ್ಕ ಹಬ್ಬ ಮುಗಿದರೂ ಪೆಟ್ಟಿಗೆ ಬರಿದಾಗಿ ಹಸಿರು ದೀಪ ಮಿಟುಕಿಸುತ್ತ ಕೂತಿತ್ತು. ಒಂದು ದಿನ ಸಂಕಟ ತಡೆಯದೆ, ಹಾಗಲಕಾಯಿ ಗೊಜ್ಜು ಬಡಿಸುತ್ತ ಕೇಳಿಯೇಬಿಟ್ಟೆ: "ಯಾಕ್ ಭಾವ, ಇನ್ನೂ ಹಾಕ್ಲಿಲ್ಲ?"

ಭಾವ ತುತ್ತು ಕಲೆಸುತ್ತಲೇ ಇದ್ದರು.

"ಡಬ್ಬೀಲಿರೋಗಂಟ ಅದು ಚೆನ್ನಾಗೇ ಇದೆ ಅಂದ್ಕೋಬೋದು ಕಣಮ್ಮ. ಸಿಕ್ಕಿಸ್ಬುಟ್ಟು, ಅದು ತಿರುಗ್ದೇ ಹೋದ್ರೆ? ಆಮೇಲೆ ಏನಂತ ಅಂದ್ಕೊಳ್ಲಿ?"

ಇಷ್ಟು ದಿನ ಅಂಗಡಿ ಅಂಗಡಿ ಅಲೆದದ್ದು, ಪೆಟ್ಟಿಗೆಗೆ ಕಿವಿಯಿಟ್ಟದ್ದು, ಮನೆಯನ್ನೇ ಬೀಳಿಸಿ ನೋಡಿದ್ದು ಯಾಕೆಂದು ಆಗ ತಿಳಿಯಿತು. ನನಗೆ ಉಪದೇಶ ಬರುವುದಿಲ್ಲ. ಬರುವುದು ಅಡಿಗೆ ಮತ್ತು ಪ್ರಾರ್ಥನೆ. "ಸಂಜೆ ಜಪಸರದ ಪ್ರಾರ್ಥನೆ ಮಹಡೀಲೇ ಮಾಡೋಣ ಬುಡಿ. ನಾವೂ ಬತ್ತೀವಿ," ಎಂದೆ.

ಸಂಜೆ ಮೂವರೂ ಮಹಡಿಯಲ್ಲಿ ಕೂತೆವು. ಭಾವ ಡಬ್ಬಿಯಿಂದ ಡಿಸ್ಕು ತೆಗೆದು ನನ್ನ ಕೈಗಿಟ್ಟರು. ತಂತಿ ಸಿಕ್ಕಿಸಿದವಳು ನಾನೇ. ಟಕ್ ಎಂದಿತು. ಮತ್ತೆ ಟಕ್. ಭಾವ ಜೇಬಿನಿಂದ ಎರಡೂ ಜಪಸರ ತೆಗೆದು ಎರಡು ಕೈಯಲ್ಲೂ ಹಿಡಿದರು. ನಾನು ಪ್ರಾರ್ಥನೆ ಶುರು ಮಾಡಿದೆ. ಯಾವ ಮಣಿಗೋ ಸದ್ದು ನಿಂತು, ಡಿಸ್ಕು ಮೆಲ್ಲಗೆ ಗುಂಯ್‌ಗುಟ್ಟುತ್ತ ತಿರುಗತೊಡಗಿತು.

ಎಲ್ಲವೂ ಬರಲಿಲ್ಲ. ಒಂದು ಕ್ರಿಸ್‌ಮಸ್ಸಿನ ಚಿತ್ರಗಳು ಪೂರ್ತಿ ಹೋದವು; ನನ್ನ ಸೀದ ಕಜ್ಜಾಯ ಮಾತ್ರ ಸುಖವಾಗಿ ಬಂದು ಸೇರಿತು! ಬಂದಷ್ಟಕ್ಕೆ ಮಾತೆ ಮರಿಯಮ್ಮನವರಿಗೆ ಕೈ ಮುಗಿದೆ.

ನಮ್ಮನೆಯವರು ಟೀವಿಯಲ್ಲಿ ಯಾವುದೋ ಒಂದು ವಿಡಿಯೊ ಹಾಕಿದರು. ಇದೇ ಕೋಣೆ, ಇದೇ ಕುರ್ಚಿ. ತಲೆ ಇನ್ನೂ ಕಪ್ಪಗಿದ್ದ ಭಾವ ಬಿಗಿದುಕೊಂಡು ಕೂತಿದ್ದಾರೆ. ಹಿಂದಿನಿಂದ ಅಕ್ಕನ ದನಿ ಕೇಳಿತು: "ಏನ್ರೀ ಅದು, ಪೊಲೀಸ್ ಸ್ಟೇಷನ್ನಲ್ಲಿ ಕೂತಂಗೆ! ಕಾಲರ್ ಸರಿ ಮಾಡ್ಕೊಳಿ. ಹೂಂ... ಒಂಚೂರು ಈ ಕಡೆ ತಿರುಗ್ರೀ."

ಟೀವಿಯಲ್ಲಿದ್ದ ಭಾವ ಅಲುಗಾಡಲಿಲ್ಲ. ನನ್ನ ಪಕ್ಕದ ಕುರ್ಚಿಯಲ್ಲಿದ್ದ ಭಾವ, ಜಪಸರವಿದ್ದ ಕೈಯಿಂದಲೇ ಕಾಲರ್ ಸರಿಮಾಡಿಕೊಂಡು, ಒಂಚೂರು ಆ ಕಡೆ ತಿರುಗಿದರು.